ಹಳೆಯ ಮೋಟಾರು ಒಂದು ಬದಿಗೇಕೆ ವಾಲುತ್ತದೆ?

ದಾರಿಯಲ್ಲಿ ನಮ್ಮ ಮುಂದೆ ಹೋಗುವ ಹಳೆಯ ಕಾರುಗಳನ್ನು ಹಿಂದಿನಿಂದ ಗಮನಿಸಿದವರಿಗೆ ಒಂದು ಸಂಗತಿ ತಿಳಿದೀತು. ಕೆಲವು ಗಾಡಿಗಳು ನೆಟ್ಟಗೆ ಹೋಗುತ್ತವೆ. ಇನ್ನು ಕೆಲವು, ಸೊಂಟದ ಮೇಲೆ ಕೊಡವಿಟ್ಟುಕೊಂಡು ಬಾವಿಯಿಂದ ಬರುವ ಹೆಣ್ಣುಮಗಳಂತೆ, ಒಂದು ಪಕ್ಕಕ್ಕೆ ವಾಲಿಕೊಂಡೇ ಹೋಗುತ್ತವೆ. ಕೊಡ ಹೊತ್ತವಳು ಮನೆ ಮುಟ್ಟಿದ ಮೇಲೆ ಕೊಡವನ್ನಿಳಿಸಿ ನೆಟ್ಟಗಾಗುತ್ತಾಳೆ. ಗಾಡಿಯಾದರೋ ಹಗಲು ರಾತ್ರಿ ಹಾಗೆಯೇ ನಿಂತಿರುತ್ತದೆ. ಮನೆಯವರಿಗೆ ಅದು ರೂಢಿಯಾಗಿ ಹೋಗಿರುತ್ತದೆ. ಹೊರಗಿನವರು ಹೇಳಿದಾಗಲೇ ಎಚ್ಚರ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಹಳೆಯ ಕಾರು ಇಟ್ಟುಕೊಂಡವರು ಸಾಕಷ್ಟು ಜನ ಇದ್ದಾರೆ. ದಿನನಿತ್ಯದ ಕಚೇರಿಗೆ ಲೋಕಲ್ ಗಾಡಿಯೇ ಸರಿ. ಕಾರು ಬೇಕಾಗುವುದು ಮದುವೆ ಮುಂಜಿಗೆ, ಮುದುಕರನ್ನು ಡಾಕ್ಟರರ ಬಳಿಗೆ ಕರೆದೊಯ್ಯಲು, ಮೇ ತಿಂಗಳಲ್ಲಿ ಮಕ್ಕಳೊಡನೆ ಊರಿಗೆ ಹೋಗಲು. ವರ್ಷದಲ್ಲಿ ಹೆಚ್ಚು ದಿನ ನಿಂತಿದ್ದು, ಓಡುವ ನಾಲ್ಕು ದಿನ ತುಂಬಿದ ಸಂಸಾರವನ್ನು ಘಟ್ಟ ಹತ್ತಿಸಿ ಇಳಿಸಬೇಕಾದ ಗಾಡಿ ಅದು. ಆದ್ದರಿಂದ ಅದರ ಹಿಂಭಾಗ ಒಂದು ಬದಿಗೆ ತಗ್ಗಿದ್ದರೆ ಅದು ಚೆಂದದ ಪ್ರಶ್ನೆಯಷ್ಟೇ ಅಲ್ಲ. ಜೀವದ ಪ್ರಶ್ನೆಯೂ ಆದೀತು. ಗ್ಯಾರೇಜಿನಲ್ಲಿ ಕೇಳಿದರೆ ಒಬ್ಬರು "ಸ್ಪ್ರಿಂಗು ಹೋಗಿದೆ" ಎನ್ನುತ್ತಾರೆ, ಇನ್ನೊಬ್ಬರು "ಶಾಕ್ ಅಬ್ಸಾರ್ಬರು ಹೋಗಿದೆ" ಎನ್ನುತ್ತಾರೆ, ಮೂರನೆಯವರು "ಗಾಡಿಯೇ ಹೋಗಿದೆ, ಮಾರಿಬಿಡಿ" ಎನ್ನುತ್ತಾರೆ. ಮೂವರೂ ಟೇಪು ಹಿಡಿದು ಅಳೆದಿರುವುದಿಲ್ಲ.

ನಾನು ಯಂತ್ರಶಾಸ್ತ್ರ ಕಲಿತವನಲ್ಲ. ಬಿ.ಎ. ಮಾಡಿ ಸರಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕುಳಿತಿರುವ ಗುಮಾಸ್ತ. ಹಳೆಯ ಗಾಡಿಗಳ ಮೇಲಿನ ಪ್ರೀತಿಯಿಂದ ಓದಿದ್ದು, ಹಿರಿಯ ಮಿಸ್ತ್ರಿಗಳ ಬಾಯಿಂದ ಕೇಳಿದ್ದು, ಕೈಯಾರೆ ಅಳೆದು ನೋಡಿದ್ದು, ಇಷ್ಟೇ ನನ್ನ ಬಂಡವಾಳ. ಆದರೆ ಈ ಒಂದು ವಿಷಯದಲ್ಲಿ ಕಡತದ ಅಭ್ಯಾಸವೇ ಹೆಚ್ಚು ಉಪಯೋಗಕ್ಕೆ ಬರುತ್ತದೆಂಬುದು ನನ್ನ ಅನುಭವ. ಮೊದಲು ಬರೆದಿಟ್ಟುಕೊಳ್ಳಬೇಕು, ಆಮೇಲೆ ಅಭಿಪ್ರಾಯ ಕೊಡಬೇಕು. ಒಂದು ಟೇಪು, ಒಂದು ದಾರದುಂಡೆ, ಒಂದು ಸೀಮೆಸುಣ್ಣದ ತುಂಡು, ೨೫ ಕಿಲೋದ ಎರಡು ಅಕ್ಕಿ ಚೀಲ: ಇಷ್ಟಿದ್ದರೆ ರೋಗ ಎಲ್ಲಿದೆಯೆಂಬುದನ್ನು ಮನೆಯ ಅಂಗಳದಲ್ಲಿಯೇ ಬಹುಮಟ್ಟಿಗೆ ಗುರುತಿಸಬಹುದು.

ಮೂರು ಬಗೆಯ ಸ್ಪ್ರಿಂಗು

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರು ಭಾರ ಹೊರುವುದಿಲ್ಲ. ಕುಣಿತವನ್ನು ಅಡಗಿಸುವುದಷ್ಟೇ ಅದರ ಕೆಲಸ. ಎಣ್ಣೆ ತುಂಬಿದ ಸಾಮಾನ್ಯ ಶಾಕ್ ಅಬ್ಸಾರ್ಬರನ್ನು ಬಿಚ್ಚಿ ಕೈಯಿಂದ ಒತ್ತಿದರೆ ಮೆಲ್ಲಗೆ ಒಳಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಅಂಥದು ಗಾಡಿಯನ್ನು ಎತ್ತಿ ಹಿಡಿಯುವುದೆಂತು? ಅನಿಲ ತುಂಬಿದ್ದು ತುಸು ಹೊರಕ್ಕೆ ತಳ್ಳುತ್ತದೆ ನಿಜ, ಆದರೆ ಆ ಬಲ ಅಲ್ಪ. ವಾಲಿದ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರು ಹಾಕಿಸಿದವರು ಹಣ ಕಳೆದುಕೊಂಡು ವಾಲಿದ ಗಾಡಿಯಲ್ಲಿಯೇ ಮನೆಗೆ ಬರುವುದು ಇದರಿಂದಲೇ.

ಇನ್ನು ಸ್ಪ್ರಿಂಗಿನ ಬಗೆ. ಮೊದಲನೆಯದು ಕಮಾನು. ಧಾರವಾಡ, ಬೆಳಗಾವಿಗಳ ಟಾಂಗಾದ ಕೆಳಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದನ್ನು ಹಿರಿಯ ವಾಚಕರು ನೋಡಿದ್ದಾರೆ. ಇಲ್ಲಿಯ ಗ್ಯಾರೇಜಿನವರು ಆ ಪಟ್ಟಿಗೆ 'ಪಾಟಾ' ಎನ್ನುತ್ತಾರೆ. ನಮ್ಮ ನೆರೆಯ ಕುರ್ಲಾದಲ್ಲಿ ತಯಾರಾದ ಪದ್ಮಿನಿ ಕಾರಿನ ಹಿಂಭಾಗ ನಿಂತಿರುವುದು ಇಂಥ ಎರಡು ಕಮಾನುಗಳ ಮೇಲೆಯೇ. ವಾಲಚಂದ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯವರು ಇಟಲಿಯ ಫಿಯಾಟ್ ಕಂಪನಿಯ ಕಾರನ್ನು ಇಲ್ಲಿ ತಯಾರಿಸತೊಡಗಿದರು. ೧೯೬೪ರಲ್ಲಿ ಬಂದ ೧೧೦೦ ಡಿಲೈಟ್ ಮಾದರಿಯೇ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಈ ಶತಮಾನದ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. ಮುಂಬಯಿಯ ಟ್ಯಾಕ್ಸಿಗಳಿಗೆ ೨೦ ವರ್ಷಗಳ ಮಿತಿ ಇರುವುದರಿಂದ, ೨೦೦೩ರ ಅಕ್ಟೋಬರ್ ೨೯ರಂದು ತಾಡದೇವದಲ್ಲಿ ನೋಂದಣಿಯಾಗಿದ್ದ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ೨೦೨೩ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾಯಿತು. ಖಾಸಗಿ ಪದ್ಮಿನಿಗಳು ಮಾತ್ರ ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಅಂಬಾಸಡರ್ ಮತ್ತು ಮಾರುತಿ ಓಮ್ನಿ ಗಾಡಿಗಳ ಹಿಂಭಾಗದಲ್ಲಿಯೂ ಕಮಾನುಗಳೇ ಇವೆ.

ಎರಡನೆಯದು ಸುರುಳಿ, ಅಂದರೆ ಕಾಯಿಲ್ ಸ್ಪ್ರಿಂಗು. ಮೊದಲ ಕಂತಿನ ಗಾಡಿಗಳನ್ನು ಬಿಟ್ಟು ಆಮೇಲೆ ಬಂದ ಮಾರುತಿ ೮೦೦ ಮತ್ತು ಈಗಿನ ಹೆಚ್ಚಿನ ಕಾರುಗಳದು ಈ ಬಗೆ.

ಮೂರನೆಯದು ಟಾರ್ಶನ್ ಬಾರ್. ಇದು ಒಂದು ಉಕ್ಕಿನ ಸಲಾಕೆ; ಒದ್ದೆ ಬಟ್ಟೆಯನ್ನು ಹಿಂಡಿದಂತೆ ತಿರುಚಿಕೊಂಡು ಭಾರವನ್ನು ತಾಳುತ್ತದೆ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾದುದಿಲ್ಲ. ೧೯೯೪ರಲ್ಲಿ ಪ್ರೀಮಿಯರ್ ಕಂಪನಿಯವರೂ ಫ್ರಾನ್ಸಿನ ಪೂಜೋ ಕಂಪನಿಯವರೂ ಕೂಡಿ ಪೂಜೋ ೩೦೯ ಎಂಬ ಕಾರನ್ನು ತಯಾರಿಸಿದ್ದು ನಮ್ಮ ಕಲ್ಯಾಣ-ಡೊಂಬಿವಲಿ ಭಾಗದಲ್ಲಿಯೇ. ಆ ಉದ್ಯಮ ಕೆಲವೇ ವರ್ಷ ನಡೆದು ತೊಂಬತ್ತರ ದಶಕ ಮುಗಿಯುವುದರೊಳಗೆ ನಿಂತುಹೋಯಿತು. ಆ ಕಾರಿನ ಹಿಂಭಾಗದಲ್ಲಿ ಅಡ್ಡಲಾಗಿ ಎರಡು ಸಲಾಕೆಗಳು, ಒಂದೊಂದು ಗಾಲಿಗೆ ಒಂದೊಂದು. ಅದರ ಎತ್ತರವನ್ನು ಸಲಾಕೆಯ ಹಲ್ಲುಗಳನ್ನು ಬಿಚ್ಚಿ ಬೇರೆ ಕೋನದಲ್ಲಿ ಕೂಡಿಸಿ ಸರಿಪಡಿಸಬಹುದು. ಹಾಗೆಯೇ, ಯಾರಾದರೂ ಒಮ್ಮೆ ಬಿಚ್ಚಿ ಒಂದೇ ಒಂದು ಹಲ್ಲಿನಷ್ಟು ಸರಿದು ಕೂಡಿಸಿದ್ದರೆ, ಹೊಚ್ಚಹೊಸ ಸಲಾಕೆಯೂ ಗಾಡಿಯನ್ನು ವಾಲಿಸೀತು.

ಮೊದಲು ಅಳತೆ

ಅಳೆಯುವ ಮುನ್ನ ಗಾಡಿಯನ್ನು ಬರಿದು ಮಾಡಬೇಕು. ಡಿಕ್ಕಿಯಲ್ಲಿರುವ ಹಳೆಯ ಪೇಪರು, ನೀರಿನ ಕ್ಯಾನು, ಉಪಕರಣಗಳ ಚೀಲ ಎಲ್ಲ ಹೊರಗೆ ಬರಲಿ. ಪೆಟ್ರೋಲು ಲೀಟರಿಗೆ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. ೪೦ ಲೀಟರು ತುಂಬಿದ ಟಾಕಿ ಒಂದು ಬದಿಗಿದ್ದರೆ ಅಲ್ಲಿ ೩೦ ಕಿಲೋ ಹೆಚ್ಚಾಯಿತು. ನಮ್ಮ ಭಾಗದಲ್ಲಿ ಅನೇಕರು ಸಿ.ಎನ್.ಜಿ. ಹಾಕಿಸಿರುತ್ತಾರೆ. ಆ ಉಕ್ಕಿನ ಸಿಲಿಂಡರು ತಾನೇ ೬೦ ಕಿಲೋದ ಆಸುಪಾಸು ಇರುವುದುಂಟು. ಹಿಂದಿನ ಸೀಟಿನಲ್ಲಿ ಯಾವಾಗಲೂ ಒಬ್ಬ ಮನುಷ್ಯ ಕುಳಿತಂತೆಯೇ ಸರಿ. ಅದು ನಡುವೆ ಇದ್ದರೆ ಹಿಂಭಾಗ ಎರಡೂ ಬದಿಗೆ ಸಮನಾಗಿ ತಗ್ಗುತ್ತದೆ. ಒಂದು ಬದಿಗೆ ಸರಿಸಿ ಕೂಡಿಸಿದ್ದರೆ ಆ ಬದಿ ತಗ್ಗುತ್ತದೆ. ಅದು ಸ್ಪ್ರಿಂಗಿನ ದೋಷವಲ್ಲ.

ನಾಲ್ಕು ಟಾಯರುಗಳಿಗೂ ಹೇಳಿದಷ್ಟು ಗಾಳಿ ಹಾಕಿಸಿರಿ. ಎಡಬಲದ ಟಾಯರುಗಳ ಮೇಲೆ ಬರೆದಿರುವ ಅಳತೆ ಒಂದೇ ಆಗಿದೆಯೇ ನೋಡಿರಿ. ಬಳಿಕ ಗಾಡಿಯನ್ನು ಕಣ್ಣಿಗೆ ಸಮನೆನಿಸುವ ನೆಲದಲ್ಲಿ ನಿಲ್ಲಿಸಿ, ಹಿಂದಕ್ಕೂ ಮುಂದಕ್ಕೂ ಎರಡೆರಡು ಮಾರು ದೂಡಿ, ನಾಲ್ಕೂ ಮೂಲೆಗಳನ್ನು ಕೈಯಿಂದ ಒತ್ತಿ ಕುಣಿಸಿ ಬಿಡಬೇಕು. ತಿರುಗಿಸಿ ನಿಲ್ಲಿಸಿದ ಗಾಡಿಯ ಟಾಯರುಗಳು ನೆಲವನ್ನು ಕಚ್ಚಿಕೊಂಡು ಮೈಯನ್ನು ಒಂದು ಬದಿಗೆ ಹಿಡಿದಿರುವುದುಂಟು.

ಈಗ ಅಳತೆ. ನೆಲದಿಂದ ಅಳೆಯಬೇಡಿರಿ. ಗಾಲಿಯ ನಟ್ಟನಡುವಿನಿಂದ ನೇರ ಮೇಲಕ್ಕೆ, ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ಅಳೆಯಿರಿ. ಟಾಯರಿನ ಸವಕಳಿ, ಗಾಳಿಯ ಹೆಚ್ಚುಕಡಿಮೆ ಇವೆರಡೂ ಆಗ ಲೆಕ್ಕದಿಂದ ಹೊರಗಾಗುತ್ತವೆ. ನಾಲ್ಕು ಗಾಲಿಗೂ ಹೀಗೆ ಅಳೆದು ಕಾಗದದ ಮೇಲೆ ಬರೆದುಕೊಳ್ಳಿರಿ. ಆಮೇಲೆ ಗಾಡಿಯ ಮುಖವನ್ನು ಎದುರು ದಿಕ್ಕಿಗೆ ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿ ಪುನಃ ಅಳೆಯಿರಿ. ನಮ್ಮ ಸೊಸೈಟಿಗಳ ಅಂಗಳಗಳು ಮಳೆಯ ನೀರು ಹರಿದುಹೋಗಲೆಂದು ಇಳಿಜಾರಾಗಿಯೇ ಇರುತ್ತವೆ. ತಿರುಗಿಸಿದ ಮೇಲೆ ತಗ್ಗಿದ ಬದಿ ಎಡದಿಂದ ಬಲಕ್ಕೆ ಹೋದರೆ ಅಪರಾಧಿ ಅಂಗಳವೇ ಹೊರತು ಗಾಡಿಯಲ್ಲ. ಎರಡು ಸಲವೂ ಅದೇ ಮೂಲೆ ತಗ್ಗಿದ್ದರೆ ಆಗ ಮುಂದಿನ ವಿಚಾರಣೆ. ಕಾಲು ಅಂಗುಲದ ವ್ಯತ್ಯಾಸಕ್ಕೆ ಹಳೆಯ ಗಾಡಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ. ಅರ್ಧ ಅಂಗುಲವನ್ನು ಮೀರಿದರೆ ಕಾರಣ ಹುಡುಕಲೇಬೇಕು.

ಇನ್ನೊಂದು ಎಚ್ಚರಿಕೆ. ಗಾಡಿಗೆ ಹಿಂದೆ ಅಪಘಾತವಾಗಿ ಮಡ್‌ಗಾರ್ಡನ್ನು ಬಡಿದು ಪುಟ್ಟಿ ಹಾಕಿ ಸರಿಪಡಿಸಿದ್ದರೆ ಅದರ ಅಂಚೇ ಹೆಚ್ಚುಕಡಿಮೆ ಇದ್ದೀತು. ಆ ಸಂಶಯವಿದ್ದರೆ ಗಾಡಿಯ ಅಡಿಯಲ್ಲಿ ಎರಡೂ ಬದಿಗೆ ಸರಿಯಾದ ಜೋಡಿ ಗುರುತು ಹುಡುಕಿ, ಅಲ್ಲಿಂದ ಅಚ್ಚಿನವರೆಗೆ ಅಳೆಯಬೇಕು.

ನಾಲ್ಕು ಕಾಲಿನ ಮಣೆ

ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲಿಯೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮಣೆಗೆ ಒಂದು ಕಾಲು ಗಿಡ್ಡವಾದರೆ ಯಾವ ಕಾಲು ಗಿಡ್ಡವೆಂದು ಕೂತವನಿಗೆ ತಿಳಿಯುವುದೇ ಇಲ್ಲ. ಎದುರಿನ ಮೂಲೆ ಎದ್ದೇಳುತ್ತದೆ. ಕಾರು ನಾಲ್ಕು ಕಾಲಿನ ಮಣೆ. ಮುಂದಿನ ಬಲಗಡೆಯ ಸ್ಪ್ರಿಂಗು ಎತ್ತರವಾಗಿದ್ದರೆ, ಉದಾಹರಣೆಗೆ ಒಂದು ಬದಿಗೆ ಮಾತ್ರ ಹೊಸದನ್ನು ಹಾಕಿದ್ದರೆ, ಹಿಂದಿನ ಎಡಮೂಲೆ ತಗ್ಗುತ್ತದೆ. ತಗ್ಗಿದ್ದು ಹಿಂದೆ, ದೋಷ ಮುಂದೆ! ಹಿಂದಿನ ಸ್ಪ್ರಿಂಗನ್ನು ಎಷ್ಟು ಸಲ ಬದಲಿಸಿದರೂ ವಾಲು ಹೋಗದಿರುವುದಕ್ಕೆ ಇದೂ ಒಂದು ಕಾರಣ.

ಇದನ್ನು ಪತ್ತೆಹಚ್ಚುವ ಉಪಾಯ ಸರಳ. ಗಾಡಿಯ ಮುಂಭಾಗದ ಅಡ್ಡ ತೊಲೆಯ ನಟ್ಟನಡುವೆ ಜಾಕು ಕೊಟ್ಟು, ಮುಂದಿನ ಗಾಲಿಗಳ ಮೇಲಿನ ಭಾರ ಹೋಗುವಷ್ಟು ಮಾತ್ರ ಎತ್ತಬೇಕು. ಈಗ ಗಾಡಿ ಮೂರು ಕಾಲಿನ ಸ್ಟೂಲಾಯಿತು: ಮುಂದೆ ಜಾಕಿನ ಒಂದೇ ಬಿಂದು, ಹಿಂದೆ ಎರಡು ಗಾಲಿ. ಈ ಸ್ಥಿತಿಯಲ್ಲಿ ಹಿಂಭಾಗ ನೆಟ್ಟಗಾದರೆ ದೋಷ ಮುಂದಿನ ಸ್ಪ್ರಿಂಗುಗಳಲ್ಲಿದೆ. ಆಗಲೂ ಅದೇ ಬದಿ ತಗ್ಗಿದ್ದರೆ ದೋಷ ಹಿಂದೆಯೇ ಇದೆ. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡದೆ ಮಿಸ್ತ್ರಿಯಿಂದಲೇ ಮಾಡಿಸಿರಿ. ಹಿಂದಿನ ಗಾಲಿಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟಿರಬೇಕು. ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಯಾವ ಕಾರಣಕ್ಕೂ ತಲೆ ಹಾಕಕೂಡದು.

ಅಕ್ಕಿ ಚೀಲದ ಪರೀಕ್ಷೆ

ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹೂಕ್ ೧೬೭೮ರಲ್ಲಿ ಸ್ಪ್ರಿಂಗುಗಳ ಒಂದು ನಿಯಮವನ್ನು ವಿವರಿಸಿ ಪ್ರಕಟಿಸಿದನು. ಹೊರಿಸಿದ ಭಾರ ಎಷ್ಟೋ ತಗ್ಗುವುದೂ ಅಷ್ಟು. ಭಾರ ಇಮ್ಮಡಿಯಾದರೆ ತಗ್ಗುವುದೂ ಇಮ್ಮಡಿ. ನಮ್ಮ ಮನೆಗೆ ಬರುವ ಅಕ್ಕಿ ಚೀಲದಿಂದ ಈ ನಿಯಮವನ್ನು ಕೆಲಸಕ್ಕೆ ಹಚ್ಚಬಹುದು.

ಬರಿದಾದ ಗಾಡಿಯ ಹಿಂದಿನ ಎಡಮೂಲೆಯ ಅಳತೆ ಬರೆದುಕೊಳ್ಳಿರಿ. ಡಿಕ್ಕಿಯಲ್ಲಿ ಎಡಗಾಲಿಗೆ ಆದಷ್ಟು ಹತ್ತಿರ ೨೫ ಕಿಲೋದ ಎರಡು ಚೀಲಗಳನ್ನಿಟ್ಟು, ಒಮ್ಮೆ ಕುಣಿಸಿ, ಪುನಃ ಅಳೆಯಿರಿ. ಎಷ್ಟು ತಗ್ಗಿತೆಂದು ಬರೆದುಕೊಂಡು ಅದೇ ಚೀಲಗಳನ್ನು ಬಲಗಾಲಿಯ ಬಳಿ, ಅದೇ ಅಂತರದಲ್ಲಿಟ್ಟು ಬಲಮೂಲೆಯನ್ನು ಅಳೆಯಿರಿ.

ಇದರಿಂದ ತಿಳಿಯುವುದೇನು? ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾದ ಕಮಾನು ಗಿಡ್ಡವಾಗಿರುತ್ತದೆಯೇ ಹೊರತು ಮೆತ್ತಗಾಗಿರುವುದಿಲ್ಲ. ಆದ್ದರಿಂದ ಎರಡೂ ಬದಿ ಸಮನಾಗಿ ತಗ್ಗಿದರೆ ಪಟ್ಟಿಗಳು ಮುರಿದಿಲ್ಲ. ಒಂದು ಬದಿ ಮುಪ್ಪಿನಿಂದ ಕುಗ್ಗಿದೆ, ಇಲ್ಲವೇ ದೋಷ ಸ್ಪ್ರಿಂಗಿನ ಹೊರಗೆ ಬೇರೆಲ್ಲೋ ಇದೆ. ಕಮಾನಿನ ಗಾಡಿಯಲ್ಲಿ ಒಂದು ಬದಿ ಸ್ಪಷ್ಟವಾಗಿ ಹೆಚ್ಚು ತಗ್ಗಿದರೆ ಅಲ್ಲಿ ಒಂದು ಪಟ್ಟಿ ಮುರಿದಿರುವ ಸಂಭವ ಹೆಚ್ಚು. ಐವರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬನು ಹೆಗಲು ತೆಗೆದಂತೆ, ಉಳಿದ ಪಟ್ಟಿಗಳು ಅಷ್ಟರಮಟ್ಟಿಗೆ ಹೆಚ್ಚು ಬಾಗುತ್ತವೆ. ಸುರುಳಿಯ ಗಾಡಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಸುರುಳಿ ತುದಿಯಲ್ಲಿ ಮುರಿದರೆ ಅದರ ಸುತ್ತುಗಳು ಕಡಿಮೆಯಾಗುತ್ತವೆ, ಗಿಡ್ಡವಾಗುತ್ತದೆ. ಆದರೆ ಸುತ್ತು ಕಡಿಮೆಯಾದ ಸುರುಳಿ ಮೊದಲಿಗಿಂತ ಬಿರುಸು. ಆದ್ದರಿಂದ ತಗ್ಗಿದ ಬದಿಯೇ ಅಕ್ಕಿ ಚೀಲಕ್ಕೆ ಕಡಿಮೆ ಬಗ್ಗುತ್ತದೆ.

ಕಮಾನಿನ ಗಾಡಿಗೆ ಇನ್ನೊಂದು ದಾರದ ಪರೀಕ್ಷೆಯಿದೆ. ಕಮಾನಿನ ಮುಂದಿನ ಕಣ್ಣಿನಿಂದ ಹಿಂದಿನ ಕಣ್ಣಿನವರೆಗೆ ದಾರವನ್ನು ಬಿಗಿದು, ನಡುವೆ ಪಟ್ಟಿಗೂ ದಾರಕ್ಕೂ ಎಷ್ಟು ಅಂತರವೆಂದು ಅಳೆಯುವುದು. ಎಡಬಲದ ಅಂತರಗಳು ಬೇರೆಯಾಗಿದ್ದರೆ ಕಮಾನು ಕುಗ್ಗಿದೆ. ಸಮನಾಗಿದ್ದೂ ಗಾಡಿ ವಾಲಿದ್ದರೆ ಕಮಾನಿನ ಮೇಲೆ ಹೊರಿಸುವ ಆರೋಪ ಸುಳ್ಳು.

ಮಾಸ್ತರರ ಪದ್ಮಿನಿ

ಈ ಮಾತು ಎಷ್ಟು ಮಹತ್ವದ್ದೆಂಬುದನ್ನು ಡೊಂಬಿವಲಿಯ ಒಂದು ನಿಜ ಸಂಗತಿಯಿಂದ ಹೇಳುವೆನು. ನನಗೆ ಪರಿಚಯದ ನಿವೃತ್ತ ಮಾಸ್ತರರೊಬ್ಬರ ಬಳಿ ತೊಂಬತ್ತರ ದಶಕದ ಒಂದು ಪದ್ಮಿನಿ ಇದೆ. ಅವರ ಊರು ಅಂಕೋಲೆಯ ಕಡೆ. ಮೇ ತಿಂಗಳಲ್ಲಿ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಹುಬ್ಬಳ್ಳಿ, ಯಲ್ಲಾಪುರದ ಮೇಲಿಂದ ಅರಬೈಲು ಘಟ್ಟ ಇಳಿದು ಊರಿಗೆ ಹೋಗುವ ಸಿದ್ಧತೆ ನಡೆದಿತ್ತು. ಹಿಂದಿನ ಎಡಮೂಲೆ ವಾಲಿದ್ದನ್ನು ನೋಡಿದ ಒಂದು ಗ್ಯಾರೇಜಿನವರು ಎರಡು ಕಮಾನು, ಎರಡು ಶಾಕ್ ಅಬ್ಸಾರ್ಬರು ಹೊಸದಾಗಿ ಹಾಕಬೇಕೆಂದು ಲೆಕ್ಕ ಬರೆದುಕೊಟ್ಟಿದ್ದರು.

"ಪೆನ್ಶನ್ನಿನ ಎರಡು ತಿಂಗಳ ದುಡ್ಡು ಇದು, ತಮ್ಮಾ. ಹಾಕಿಸಿದರೆ ಘಟ್ಟ ಸುರಕ್ಷಿತವಾಗಿ ಇಳಿಯಬಹುದಲ್ಲ?" ಎಂದು ಅವರು ಕೇಳಿದರು.

"ಮಾಸ್ತರರೇ, ಮೊದಲು ಅಳೆಯೋಣ. ದುಡ್ಡು ಕೊಡುವುದು ಎಲ್ಲಿಗೆ ಓಡಿಹೋಗುತ್ತದೆ?" ಎಂದೆನು.

ಭಾನುವಾರ ಬೆಳಿಗ್ಗೆ ಅಳೆದೆವು. ಎಡಮೂಲೆ ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು ತಗ್ಗಿತ್ತು. ಗಾಡಿ ತಿರುಗಿಸಿದರೂ ಅಷ್ಟೇ. ಅಕ್ಕಿ ಚೀಲಕ್ಕೆ ಎರಡೂ ಬದಿ ಸಮನಾಗಿ ತಗ್ಗಿದವು. ದಾರ ಹಿಡಿದರೆ ಎರಡು ಕಮಾನುಗಳ ಆಳವೂ ಒಂದೇ. ಅಂದಮೇಲೆ ಕಮಾನುಗಳು ನಿರಪರಾಧಿಗಳು. ಉಳಿದದ್ದು ಕಮಾನು ಗಾಡಿಯ ಮೈಗೆ ಕೂಡುವ ಜಾಗ. ಡಿಕ್ಕಿಯ ಚಾಪೆ ಎತ್ತಿ ನೋಡಿದೆವು. ಡಿಕ್ಕಿಯ ಬಾಗಿಲಿನ ರಬ್ಬರು ಹರಿದು ಎಷ್ಟೋ ಮಳೆಗಾಲದ ನೀರು ಅಲ್ಲಿ ನಿಂತಿತ್ತು. ಹಿಂದಿನ ಕೊಂಡಿ ಕೂಡುವಲ್ಲಿ ತಗಡು ತುಕ್ಕು ಹಿಡಿದು ಹಪ್ಪಳದಂತಾಗಿ, ಕೊಂಡಿ ಅದನ್ನು ಒಂದೂವರೆ ಅಂಗುಲದಷ್ಟು ಮೇಲಕ್ಕೆ ತಳ್ಳಿಕೊಂಡು ಬಂದಿತ್ತು. ಅಚ್ಚು ಕಮಾನಿನ ನಡುವೆ ಇರುವುದರಿಂದ ಒಂದು ತುದಿ ಒಂದೂವರೆ ಅಂಗುಲ ಏರಿದರೆ ಅಚ್ಚಿನ ಬಳಿ ಅದರ ಅರ್ಧ, ಅಂದರೆ ಮುಕ್ಕಾಲು ಅಂಗುಲ. ಅದರಲ್ಲಿಯೂ ಮುಂದಿನ ಸ್ಪ್ರಿಂಗುಗಳು ಗಾಡಿಯನ್ನು ತುಸು ಎತ್ತಿ ಹಿಡಿದಿದ್ದವು. ಲೆಕ್ಕ ಸರಿಹೋಯಿತು.

ಗ್ಯಾರೇಜಿನವರ ಮಾತಿನಂತೆ ಹೊಸ ಕಮಾನು ಹಾಕಿಸಿದ್ದರೆ ಏನಾಗುತ್ತಿತ್ತು? ಹೊಸದು ಹೆಚ್ಚು ಎತ್ತರದ್ದಾದ್ದರಿಂದ ಗಾಡಿ ಒಂದೆರಡು ದಿನ ನೆಟ್ಟಗೆ ಕಂಡೀತು. ಎಲ್ಲರೂ ಸಮಾಧಾನದಿಂದ ಊರಿಗೆ ಹೊರಡುತ್ತಿದ್ದರು. ತುಂಬಿದ ಗಾಡಿ ಘಟ್ಟದ ತಿರುವಿನಲ್ಲಿ ಗುಂಡಿಗೆ ಇಳಿದಾಗ ಆ ಕೊಂಡಿ ತಗಡನ್ನು ಹರಿದುಕೊಂಡು ಡಿಕ್ಕಿಯೊಳಕ್ಕೆ ಬರುತ್ತಿತ್ತು. ಹಿಂದಿನ ಅಚ್ಚು ಒಂದು ಬದಿಗೆ ಸೊಟ್ಟಗಾಗಿ ಗಾಡಿ ಚಾಲಕನ ಮಾತು ಕೇಳದೆ ಹೋಗುತ್ತಿತ್ತು. ಆ ದಿನವೇ ಗಾಡಿಯನ್ನು ನಿಲ್ಲಿಸಲಾಯಿತು. ಕೊಳೆತ ತಗಡನ್ನು ಕತ್ತರಿಸಿ ತೆಗೆದು, ದಪ್ಪ ತಗಡಿನ ಹೊಸ ಜೋಡಣೆಯನ್ನು ಬೆಸುಗೆ ಹಾಕಿಸಿ, ಬಾಗಿಲಿನ ರಬ್ಬರು ಬದಲಿಸಿದ್ದಾಯಿತು. ಹಳೆಯ ಕಮಾನುಗಳೇ ಇಂದಿಗೂ ಇವೆ. ಆ ವರ್ಷ ಮೊಮ್ಮಕ್ಕಳು ಊರಿಗೆ ರೈಲಿನಲ್ಲಿ ಹೋದರು. ಗಾಡಿ ಹೋದದ್ದು ಮರುವರ್ಷ.

ಯಾವ ಗಾಡಿಯಲ್ಲಿ ಏನು ನೋಡಬೇಕು?

ಕಮಾನಿನ ಗಾಡಿಯಲ್ಲಿ ಪಟ್ಟಿಗಳನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ನೋಡಬೇಕು. ಮಣ್ಣಿನ ಪದರದ ಕೆಳಗೆ ಬಿರುಕು ಕಾಣುವುದಿಲ್ಲ. ಪಟ್ಟಿಗಳನ್ನು ಹಿಡಿದಿರುವ ನಡುವಿನ ಬೋಲ್ಟು ತುಂಡಾದರೆ ಅಚ್ಚು ಆ ಬದಿಯಲ್ಲಿ ಹಿಂದಕ್ಕೆ ಸರಿಯುತ್ತದೆ. ಗಾಲಿ ಮಡ್‌ಗಾರ್ಡಿನ ನಡುವಿನಲ್ಲಿರದೆ ಒಂದು ಕಡೆಗೆ ಬಂದಿರುತ್ತದೆ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಎಡಬಲ ಅಳೆದರೆ ಇದು ತಕ್ಷಣ ಗೊತ್ತಾಗುತ್ತದೆ. ಕೊಂಡಿಯ ರಬ್ಬರ್ ಬುಶ್ಶುಗಳು ಸವೆದಿವೆಯೇ, ಯು-ಬೋಲ್ಟುಗಳು ಸಡಿಲಾಗಿವೆಯೇ ಎಂಬುದನ್ನೂ ನೋಡಬೇಕು.

ಸುರುಳಿಯ ಗಾಡಿಯಲ್ಲಿ ಕಟ್ಟಕಡೆಯ ಸುತ್ತನ್ನು ಕೈ ಹಾಕಿ ತಡವಬೇಕು. ಅದು ಬಟ್ಟಲಿನಲ್ಲಿ ಕುಳಿತಿರುವುದರಿಂದ ಕೆಸರು ತುಂಬಿ ಅಲ್ಲಿಯೇ ತುಕ್ಕು ಹಿಡಿದು ಮುರಿಯುತ್ತದೆ. ವಾಶಿ, ಬೇಲಾಪುರ, ಐರೋಲಿಯಂಥ ಖಾಡಿಯ ದಂಡೆಯಲ್ಲಿರುವವರು ಇದನ್ನು ವಿಶೇಷವಾಗಿ ನೋಡಬೇಕು. ಉಪ್ಪುಗಾಳಿಗೆ ಉಕ್ಕು ಬೇಗ ಸೋಲುತ್ತದೆ. ಸುರುಳಿಯ ಕೆಳಗಿನ ರಬ್ಬರಿನ ಬಿಲ್ಲೆ ಒಂದು ಬದಿಗೆ ಮಾತ್ರ ಕಳೆದುಹೋಗಿರುವುದು, ಸುರುಳಿಯ ತುದಿ ತನ್ನ ತಗ್ಗಿನಲ್ಲಿ ಕೂಡದೆ ತಿರುಗಿ ನಿಂತಿರುವುದು, ಇವೂ ಸಾಮಾನ್ಯ.

ಟಾರ್ಶನ್ ಬಾರಿನ ಪೂಜೋ ಗಾಡಿಯಲ್ಲಿ ಹಿಂದಿನ ಗಾಲಿಗಳು ಮೇಲ್ಗಡೆ ಒಳಕ್ಕೆ ವಾಲಿವೆಯೇ ನೋಡಬೇಕು. ವಾಲಿದ್ದರೆ ಗಾಲಿಯ ತೋಳುಗಳ ಒಳಗಿನ ಸೂಜಿ ಬೇರಿಂಗುಗಳು ಒಣಗಿ ಸವೆದಿವೆ. ಬೇರಿಂಗು ಸರಿಪಡಿಸದೆ ಸಲಾಕೆಯ ಹಲ್ಲು ಬದಲಿಸುವುದು ವ್ಯರ್ಥ.

ರಿಪೇರಿಯ ವಿಷಯ

ಸ್ಪ್ರಿಂಗು ಹೋಗಿದೆಯೆಂದು ಖಚಿತವಾದರೆ ಎರಡೂ ಬದಿಯದನ್ನು ಜೊತೆಯಾಗಿ ಬದಲಿಸಿರಿ. ಒಂದನ್ನೇ ಬದಲಿಸಿದರೆ ವಾಲು ಎಡದಿಂದ ಬಲಕ್ಕೆ ವರ್ಗವಾಗುವುದೇ ಹೆಚ್ಚು. ಹಳೆಯ ಕಮಾನನ್ನು ಬಡಿದು ಬಗ್ಗಿಸಿಕೊಡುವವರಿದ್ದಾರೆ. ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿ ಹಾಗೆಯೇ ಕೊಟ್ಟರೆ ಉಕ್ಕಿನ ಹದ ಕೆಟ್ಟು ಕೆಲವೇ ತಿಂಗಳಲ್ಲಿ ಪುನಃ ಚಪ್ಪಟೆಯಾಗುತ್ತದೆ. ಕಾಯಿಸಿದ ಮೇಲೆ ಹದ ಕೊಡುವುದನ್ನು ಬಲ್ಲವರಲ್ಲಿಗೇ ಹೋಗಬೇಕು. ಸುರುಳಿಯ ಸುತ್ತುಗಳ ನಡುವೆ ತುರುಕುವ ರಬ್ಬರಿನ ಬಫರುಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಊರುಗೋಲಿದ್ದಂತೆ, ಮುರಿದ ಕಾಲಿಗೆ ಔಷಧವಲ್ಲ.

ಒಂದು ಮಾತನ್ನು ಮಿಸ್ತ್ರಿಗೆ ಮರೆಯದೆ ಹೇಳಿರಿ. ರಬ್ಬರ್ ಬುಶ್ಶುಗಳ ಬೋಲ್ಟುಗಳನ್ನು ಕೊನೆಯ ಸಲ ಬಿಗಿಯುವುದು ಗಾಡಿ ತನ್ನ ಗಾಲಿಗಳ ಮೇಲೆ ನಿಂತ ನಂತರವೇ ಆಗಬೇಕು. ಗಾಡಿ ಮೇಲೆ ತೂಗುತ್ತಿರುವಾಗಲೇ ಬಿಗಿದರೆ, ಇಳಿಸಿದ ಮೇಲೆ ರಬ್ಬರು ತಿರುಚಿಕೊಂಡು ಗಾಡಿಯನ್ನು ತಪ್ಪು ಎತ್ತರದಲ್ಲಿ ಹಿಡಿಯುತ್ತದೆ, ತಾನೂ ಬೇಗ ಹರಿಯುತ್ತದೆ. ಹೊಸ ಸಾಮಾನು ಹಾಕಿದ ಮೇಲೂ ಕೆಲವು ಗಾಡಿಗಳು ವಾಲುವುದು ಇಷ್ಟಕ್ಕೇ.

ಮುರಿದ ಪಟ್ಟಿ, ತುಂಡಾದ ನಡುವಿನ ಬೋಲ್ಟು, ಕೊಂಡಿಯ ಜಾಗದಲ್ಲಿ ತುಕ್ಕು, ಟಾಯರಿಗೆ ತಾಗುವಂತೆ ಮುರಿದ ಸುರುಳಿ, ಇವು ನಾಲ್ಕರಲ್ಲಿ ಒಂದು ಕಂಡರೂ ಗಾಡಿಯನ್ನು ಓಡಿಸಬೇಡಿರಿ. ಮಿಸ್ತ್ರಿಯನ್ನು ಮನೆಗೆ ಕರೆಸಿರಿ. ಮುಪ್ಪಿನಿಂದ ಕುಗ್ಗಿದ ಸ್ಪ್ರಿಂಗಾದರೆ ಅವಸರವಿಲ್ಲ, ಆದರೆ ಊರಿಗೆ ಹೊರಡುವ ಮುನ್ನ ಆಗಲೇಬೇಕು. ತಗ್ಗಿದ ಬದಿಯ ಟಾಯರು ಬೇಗ ಸವೆಯುವುದುಂಟು, ದೀಪ ಒಂದು ಪಕ್ಕಕ್ಕೆ ಬೀಳುತ್ತದೆ. ಕೆಲವು ಗಾಡಿಗಳಲ್ಲಿ ಹಿಂಭಾಗದ ಎತ್ತರವನ್ನು ನೋಡಿ ಹಿಂದಿನ ಬ್ರೇಕಿನ ಬಲವನ್ನು ಗೊತ್ತುಪಡಿಸುವ ಸಾಧನವಿರುವುದರಿಂದ ಬ್ರೇಕೂ ಕೆಡುತ್ತದೆ.

೧೫ ವರ್ಷ ತುಂಬಿದ ಖಾಸಗಿ ಗಾಡಿಯನ್ನು ನೋಂದಣಿಯ ನವೀಕರಣಕ್ಕಾಗಿ ಆರ್.ಟಿ.ಓ. ಕಚೇರಿಗೆ ತೋರಿಸಬೇಕಾಗುತ್ತದೆ, ಪಾಸಾದರೆ ೫ ವರ್ಷಗಳ ಅವಧಿ ಸಿಗುತ್ತದೆ. ಆ ದಿನಕ್ಕಾಗಿ ಗಾಡಿಗೆ ಬಣ್ಣ ಹೊಡೆಸುವವರಿದ್ದಾರೆ. ಬಣ್ಣಕ್ಕೆ ಮುನ್ನ ಒಂದು ಭಾನುವಾರ ಡಿಕ್ಕಿಯ ಚಾಪೆಯನ್ನೆತ್ತಿ, ಟೇಪು ಹಿಡಿದು ಅಳೆದು, ಅಂಕಿಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೊಮ್ಮೆ ಹೀಗೆ ಮಾಡಿದರೆ, ಯಾವ ಮೂಲೆ ಯಾವಾಗ ತಗ್ಗತೊಡಗಿತೆಂಬುದು ಮುಂದೆ ಯಾರನ್ನೂ ಕೇಳದೆ ತಿಳಿಯುತ್ತದೆ. ಗ್ಯಾರೇಜಿಗೆ ಹೋಗುವಾಗ ಆ ವಹಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ. ಅಂಕಿಗಳನ್ನು ಕಂಡ ಒಳ್ಳೆಯ ಮಿಸ್ತ್ರಿ ಸಂತೋಷಪಡುತ್ತಾನೆ. ಉಳಿದವರು ಅಂದಾಜಿನ ಲೆಕ್ಕ ಹೇಳುವ ಮೊದಲು ಒಮ್ಮೆ ಯೋಚಿಸುತ್ತಾರೆ.